ಕಲ್ಲು ಎಲ್ಲರದು, ಓದು ಯಾರದು? ಕೊಡಗಿನ ಶಾಸನ ಬರಹಗಳಲ್ಲಿ ಕೃತಿಚೌರ್ಯ

ಕೊಡಗಿನ ಪ್ರಾಚೀನ ಇತಿಹಾಸದ ಮೇಲೆ ಈಚೆಗೆ ಬಂದ ನಾಲ್ಕೈದು ಪುಸ್ತಕಗಳನ್ನೋ ಪ್ರಬಂಧಗಳನ್ನೋ ತೆಗೆದು, ಗಂಗರ ಅಧ್ಯಾಯವನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ ನೋಡಿ. ಹೆಚ್ಚು ಕಡಿಮೆ ಎಲ್ಲದರಲ್ಲೂ ಈ ಅರ್ಥದ ಒಂದು ವಾಕ್ಯ ಸಿಗುತ್ತದೆ: ಕ್ರಿ.ಶ. 466ರ ಮಡಿಕೇರಿ ತಾಮ್ರಶಾಸನದ ಪ್ರಕಾರ ಗಂಗರ ಅವಿನೀತನ ಕಾಲದಲ್ಲಿ ತಲಕಾಡಿನ ಜಿನಾಲಯಕ್ಕೆ ಬದನೆಗುಪ್ಪೆ ಗ್ರಾಮ ದಾನವಾಯಿತು. ಅಡಿಟಿಪ್ಪಣಿಯಲ್ಲಿ "ಎ.ಕ. ಸಂ. 1" ಅಂತ ಇರುತ್ತದೆ. ಅಷ್ಟೇ.

ಈ ಪುಟ್ಟ ವಾಕ್ಯದಲ್ಲಿ ತಪ್ಪೇನಿದೆ ಅಂತ ಕೇಳಬಹುದು. ಕದ್ದದ್ದು ಅನ್ನಿಸುವಂಥದ್ದು ಏನೂ ಕಾಣುವುದಿಲ್ಲ. ಆಕರವನ್ನೂ ಕೊಟ್ಟಿದ್ದಾರೆ. ಆದರೂ ನನ್ನ ಮಟ್ಟಿಗೆ ನಮ್ಮ ಕ್ಷೇತ್ರದ ಕೃತಿಚೌರ್ಯ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ವಾಕ್ಯವನ್ನು ಒಂದೊಂದೇ ತುಂಡು ಮಾಡಿ ನೋಡೋಣ.

466 ಎಂದು ಹೇಳಿದವರು ಯಾರು?

ಮೊದಲಿಗೆ, ತಟ್ಟೆಯಲ್ಲಿ 466 ಇಲ್ಲ. ಇರಲು ಸಾಧ್ಯವೂ ಇಲ್ಲ. ಇರುವುದು 388ನೆಯ ವರ್ಷ ಎಂಬ ಮಾತು. ಯಾವ ಶಕೆ ಎಂದು ತಟ್ಟೆ ಹೇಳುವುದಿಲ್ಲ. ಅದನ್ನು ಶಕವರ್ಷ ಎಂದು ತೆಗೆದುಕೊಂಡು 78 ಕೂಡಿಸಿದಾಗ 466 ಬರುತ್ತದೆ. ಇದು ಒಬ್ಬ ವಿದ್ವಾಂಸ ಮಾಡಿದ ನಿರ್ಣಯ, ತಾಮ್ರದ ಮೇಲಿನ ಅಕ್ಷರ ಅಲ್ಲ. ಬಿ. ಎಲ್. ರೈಸ್ ಈ ತಟ್ಟೆಗಳ ಬಗ್ಗೆ 1872ರಲ್ಲೇ ಇಂಡಿಯನ್ ಆಂಟಿಕ್ವರಿಯ ಮೊದಲ ಸಂಪುಟದಲ್ಲಿ ಬರೆದರು. 1886ರಲ್ಲಿ ಕೊಡಗಿನ ಶಾಸನಗಳ ಸಂಪುಟ ತಂದರು, 1914ರಲ್ಲಿ ಅದನ್ನೇ ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು. ಅದರಲ್ಲಿ ಈ ತಾಮ್ರಶಾಸನಕ್ಕೆ ಮೊದಲನೆಯ ಸಂಖ್ಯೆ.

ಎರಡನೆಯದು, ಈ ಶಾಸನ ಅಸಲಿಯೇ ಎಂಬ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು. ಜೆ. ಎಫ್. ಫ್ಲೀಟ್ ಗಂಗರ ಹಲವು ತಾಮ್ರಶಾಸನಗಳ ಜೊತೆಗೆ ಇದನ್ನೂ ಕೂಟ ಶಾಸನಗಳ ಪಟ್ಟಿಗೆ ಸೇರಿಸಿದರು. ಲಿಪಿ ಐದನೆಯ ಶತಮಾನಕ್ಕಿಂತ ಬಹಳ ಈಚಿನದು ಎಂಬುದು ಮುಖ್ಯ ಆಕ್ಷೇಪ. ಜೊತೆಗೆ, ದಾನದ ಸಂದರ್ಭದಲ್ಲಿ ಅಕಾಲವರ್ಷ ಪೃಥ್ವೀವಲ್ಲಭನ ಮಂತ್ರಿಯ ಉಲ್ಲೇಖ ಬರುತ್ತದೆ. ಅಕಾಲವರ್ಷ ಅಂದರೆ ನಮಗೆ ಗೊತ್ತಿರುವುದು ರಾಷ್ಟ್ರಕೂಟ ಕೃಷ್ಣರ ಬಿರುದು, ಎಂಟನೆಯ ಶತಮಾನದಿಂದ ಈಚಿನ ಮಾತು. ಅವಿನೀತನ ಕಾಲದಲ್ಲಿ ಆತನಿಗೆ ಏನು ಕೆಲಸ? ಮೂಲ ದಾನ ಹಳೆಯದಿರಬಹುದು, ಈಗಿರುವ ತಟ್ಟೆಗಳು ಅದರ ತಡವಾದ ಪ್ರತಿ ಇರಬಹುದು ಎಂಬ ಸಮಾಧಾನವನ್ನೂ ಕೆಲವರು ಹೇಳಿದ್ದಾರೆ.

ಇದು ಬರೀ ಪಂಡಿತರ ಜಗಳ ಅಲ್ಲ. ಈ ಶಾಸನದಲ್ಲಿ ದೇಸಿಗ ಗಣ, ಕೊಂಡಕುಂದಾನ್ವಯದ ಗುರುಪರಂಪರೆ ಬರುತ್ತದೆ. ದಾನ ಪಡೆದವರು ಚಂದಣಂದಿ ಭಟಾರರು. ಕುಂದಕುಂದಾಚಾರ್ಯರ ಕಾಲವನ್ನು ನಿರ್ಣಯಿಸಲು ಹೊರಟವರೆಲ್ಲ ಈ ತಟ್ಟೆಗಳ ಹತ್ತಿರ ಬಂದೇ ಬರುತ್ತಾರೆ. 466 ಸರಿ ಎಂದಾದರೆ ಅನ್ವಯ ಅದಕ್ಕೂ ಮೊದಲಿನದು. ತಟ್ಟೆ ಒಂಬತ್ತನೆಯದೋ ಹತ್ತನೆಯದೋ ಶತಮಾನದ್ದಾದರೆ ಆ ಇಡೀ ಕಟ್ಟಡದ ಒಂದು ಕಂಬ ಬಿದ್ದುಹೋಗುತ್ತದೆ. ಮಡಿಕೇರಿಯ ತಟ್ಟೆಯ ತಾರೀಖು ದಿಗಂಬರ ಸಾಹಿತ್ಯದ ಇತಿಹಾಸದವರೆಗೂ ಹೋಗಿ ಮುಟ್ಟುತ್ತದೆ.

ಈಗ ಆ ವಾಕ್ಯಕ್ಕೆ ವಾಪಸ್ ಬರೋಣ. ಅದನ್ನು ಬರೆದವರು 388ನ್ನು ನೋಡಿಲ್ಲ, ಫ್ಲೀಟರನ್ನು ಓದಿಲ್ಲ, ಹೆಚ್ಚಿನವರು ಸಂಪುಟವನ್ನೂ ತೆರೆದಿಲ್ಲ. ಇನ್ನೊಬ್ಬರ ಪುಸ್ತಕದಿಂದ ವಾಕ್ಯವನ್ನೂ ಅದರ ಅಡಿಟಿಪ್ಪಣಿಯನ್ನೂ ಒಟ್ಟಿಗೆ ಎತ್ತಿಕೊಂಡಿದ್ದಾರೆ. ನಾನು ಇದನ್ನು ಅಡಿಟಿಪ್ಪಣಿಯ ಕಳವು ಅನ್ನುತ್ತೇನೆ. ಮೂಲವನ್ನು ತಾನೇ ನೋಡಿದೆ ಎಂದು ತೋರಿಸಿಕೊಳ್ಳುವುದು, ನಿಜವಾಗಿ ನೋಡಿದವರ ಹೆಸರನ್ನು ಮುಚ್ಚಿಡುವುದು. ಗುರುತು ಹಿಡಿಯುವುದು ಕಷ್ಟವೇನಲ್ಲ. ಕೊಡಗಿನ ಶಾಸನ ಸಂಪುಟ ಮೂರು ಸಲ ಬಂದಿದೆ: 1886, 1914, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ 1972. ಇವು ಒಂದೇ ಪುಸ್ತಕದ ಮೂರು ಮುದ್ರಣ ಅಲ್ಲ. ಪೀಠಿಕೆ ಬೇರೆ, ಸಂಪಾದನೆ ಬೇರೆ. "ಎ.ಕ. ಸಂ. 1" ಎಂದಷ್ಟೇ ಬರೆದು, ವರ್ಷ, ಪುಟ ಯಾವುದೂ ಇಲ್ಲದಿದ್ದರೆ ಬರೆದವರ ಮೇಜಿನ ಮೇಲೆ ಯಾವ ಸಂಪುಟವೂ ಇರಲಿಲ್ಲ ಎಂದು ನಾನು ಸಂಶಯ ಪಡುತ್ತೇನೆ. ಆ ಸಂಶಯ ಸುಳ್ಳಾದದ್ದು ಕಡಿಮೆ.

ಒಂದೇ ಮಾತು ಎಲ್ಲ ಕಡೆ ಬಂದರೆ ಅದು ಕಳವೇ?

ಕೃತಿಚೌರ್ಯವನ್ನು ನಾವು ಸಾಮಾನ್ಯವಾಗಿ ಪದಗಳ ಹೋಲಿಕೆ ಎಂದು ತಿಳಿದುಕೊಂಡಿದ್ದೇವೆ. ಶಾಸನ ಓದುವವರಿಗೆ ಈ ತಿಳುವಳಿಕೆ ಸಾಲದು ಅನ್ನುವುದು ಬೇಗ ಗೊತ್ತಾಗುತ್ತದೆ. ಗಂಗರ ತಾಮ್ರಶಾಸನಗಳನ್ನು ಓದಿದವರಿಗೆ ಆ ವಂಶಾವಳಿಯ ಗದ್ಯ ಬಾಯಿಪಾಠ ಆಗಿಹೋಗುತ್ತದೆ. ಕೊಂಗುಣಿವರ್ಮನಿಂದ ಶುರುವಾಗಿ ಒಬ್ಬೊಬ್ಬ ರಾಜನಿಗೂ ಅದದೇ ವಿಶೇಷಣಗಳು. ಕೊನೆಯಲ್ಲಿ ಅದದೇ ಶಾಪಾಶಯ. ದಾನ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎನ್ನುವ ಶ್ಲೋಕ ಎಷ್ಟು ರಾಜವಂಶಗಳ ಎಷ್ಟು ಶಾಸನಗಳಲ್ಲಿ ಇದೆಯೋ ಲೆಕ್ಕ ಇಟ್ಟವರಿಲ್ಲ. ಇದನ್ನು ಯಾರೂ ಕಳವು ಅನ್ನುವುದಿಲ್ಲ. ಅದು ಕಚೇರಿಯ ನಮೂನೆ, ಈಗಿನ ಕ್ರಯಪತ್ರದಲ್ಲಿ ಬರುವ ಒಕ್ಕಣೆಯ ಹಾಗೆ.

ಹಾಗಾದರೆ ಕೂಟ ಶಾಸನವನ್ನು ಹಿಡಿಯುವುದು ಹೇಗೆ? ಹೋಲಿಕೆಯಿಂದ ಅಲ್ಲ, ಹೊಂದದಿರುವುದರಿಂದ. ಕೂಟ ಶಾಸನ ಮಾಡುವವನು ವಂಶಾವಳಿಯನ್ನು ಒಂದು ಅಸಲಿ ಶಾಸನದಿಂದ ಎತ್ತುತ್ತಾನೆ. ಅದು ಚೆನ್ನಾಗಿಯೇ ಇರುತ್ತದೆ. ಸಿಕ್ಕಿಬೀಳುವುದು ಅವನು ತನ್ನ ಕೈಯಿಂದ ಸೇರಿಸಿದ ಕಡೆ: ಕೈಬರಹ ತನ್ನ ಕಾಲದ್ದು, ಬಿರುದು ತನ್ನ ಕಾಲದ್ದು. ಮಡಿಕೇರಿ ತಟ್ಟೆಗಳ ಮೇಲಿನ ಆಕ್ಷೇಪವೂ ಇದೇ ಬಗೆಯದು. ವಂಶಾವಳಿಯ ಬಗ್ಗೆ ತಕರಾರು ಕಡಿಮೆ, ಲಿಪಿ ಮತ್ತು ಅಕಾಲವರ್ಷನ ಬಗ್ಗೆ ಹೆಚ್ಚು.

ಇವತ್ತಿನ ಪ್ರಬಂಧಗಳಿಗೂ ಇದೇ ಪರೀಕ್ಷೆ ನಡೆಯುತ್ತದೆ. ಒಂದು ಪುಟದಲ್ಲಿ ತಡವರಿಸುವ ಕನ್ನಡ, ಮುಂದಿನ ಪುಟದಲ್ಲಿ ಇದ್ದಕ್ಕಿದ್ದಂತೆ 1914ರ ಇಂಗ್ಲಿಷಿನ ಗತ್ತು ಕನ್ನಡದಲ್ಲಿ ಇಣುಕುತ್ತದೆ. ಊರಿನ ಹೆಸರು ರೈಸ್ ಬರೆದ ಹಳೆಯ ತಾಲೂಕಿನ ಕೆಳಗೆ ಇರುತ್ತದೆ. ಕಿಗ್ಗಟ್ಟುನಾಡು ತಾಲೂಕು ಅಂತ ಈಗ ಯಾರು ವಿಳಾಸ ಬರೆಯುತ್ತಾರೆ, ಹೇಳಿ? ಲೇಖಕರು ಕಲ್ಲಿನ ಹತ್ತಿರ ಹೋಗಿಲ್ಲ, ಪುಸ್ತಕದ ಹತ್ತಿರ ಹೋಗಿದ್ದಾರೆ, ಆದರೆ ಪುಸ್ತಕದ ಹೆಸರು ಹೇಳಿಲ್ಲ.

ಶೇಕಡಾ ಲೆಕ್ಕ ನಮಗೆ ಎಷ್ಟು ಪ್ರಯೋಜನ?

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯ ನಿಯಮಾವಳಿ ತಂದಿತು. ಪ್ರಬಂಧದಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ್ದು, ಗ್ರಂಥಋಣ, ಸತತ 14 ಪದಗಳವರೆಗಿನ ಸಾಮಾನ್ಯ ಮಾತು ಇವುಗಳಿಗೆ ವಿನಾಯಿತಿ. ಪ್ರಬಂಧಗಳನ್ನು ತಂತ್ರಾಂಶಕ್ಕೆ ಹಾಕಿ ನೋಡುವ ಶೋಧಶುದ್ಧಿ ವ್ಯವಸ್ಥೆ 2019ರಲ್ಲಿ ಬಂತು.

ನಾನು ಎಂಜಿನಿಯರ್, ಅಳತೆ ಎಂದರೆ ನನಗೆ ಇಷ್ಟ. ಆದರೆ ಏನನ್ನು ಅಳೆಯುತ್ತಿದ್ದೇವೆ ಅನ್ನುವುದು ಮೊದಲು ಗೊತ್ತಿರಬೇಕು. ಶಾಸನ ಅಧ್ಯಯನದಲ್ಲಿ ಈ ಯಂತ್ರ ಎರಡೂ ಕಡೆ ಎಡವುತ್ತದೆ.

ಒಬ್ಬ ಪ್ರಾಮಾಣಿಕ ವಿದ್ಯಾರ್ಥಿ ಮುಳ್ಳೂರಿನ ಕೊಂಗಾಳ್ವ ಶಾಸನಗಳ ಪಾಠವನ್ನು ಪೂರ್ತಿ ಅನುಬಂಧದಲ್ಲಿ ಕೊಟ್ಟ ಅಂದುಕೊಳ್ಳಿ. ಅದೇ ಪಾಠ ಮೊದಲೇ ಎಲ್ಲೋ ಇದ್ದರೆ ಹೋಲಿಕೆ ಏರುತ್ತದೆ. ಅವನು ಹೆದರಿ ಶಾಸನಪಾಠವನ್ನೇ ತೆಗೆದುಹಾಕುತ್ತಾನೆ ಅಥವಾ, ಇನ್ನೂ ಕೆಟ್ಟದ್ದು, ಸಾರಾಂಶ ಮಾಡಿ ಪದ ಬದಲಾಯಿಸುತ್ತಾನೆ. ಶಾಸನಪಾಠದಲ್ಲಿ ಪದ ಬದಲಾಯಿಸುವುದು ಅಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ.

ಇನ್ನೊಬ್ಬ ರೈಸ್ ಅವರ ಇಂಗ್ಲಿಷ್ ಪೀಠಿಕೆಯನ್ನು ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿ ತನ್ನ ಮೂರನೆಯ ಅಧ್ಯಾಯ ಎನ್ನುತ್ತಾನೆ. ಪದಕ್ಕೆ ಪದ ಹೊಂದಿಸಿ ನೋಡುವ ಯಂತ್ರಕ್ಕೆ ಭಾಷೆ ದಾಟಿದ ಕಳವು ಕಾಣುವುದಿಲ್ಲ. ಹಳೆಯ ಕನ್ನಡ ಪುಸ್ತಕ ಗಣಕದಲ್ಲಿ ಪಠ್ಯವಾಗಿ ಇಲ್ಲದಿದ್ದರೆ ಹೋಲಿಸುವುದಕ್ಕೆ ಏನೂ ಇಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರದಲ್ಲಿ ಇದ್ದರೆ ಯಂತ್ರಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಹೋಲಿಕೆ ಶೇ. 4 ಅಂತ ಪ್ರಮಾಣಪತ್ರ ಬರುತ್ತದೆ.

ವಿಜ್ಞಾನದಲ್ಲಿ ಪದದ ಹೋಲಿಕೆಯೇ ದೊಡ್ಡ ಸುದ್ದಿಯಾಗುವುದುಂಟು. 2011ರಲ್ಲಿ ಬೆಂಗಳೂರಿನ ವಿಜ್ಞಾನಿಗಳ ಒಂದು ಪ್ರಬಂಧದಲ್ಲಿ ಬೇರೆಯವರ ಕೆಲವು ವಾಕ್ಯಗಳು ಬಂದಿವೆ ಎಂದು ಗೊತ್ತಾಗಿ, ಅಡ್ವಾನ್ಸ್‌ಡ್ ಮೆಟೀರಿಯಲ್ಸ್ ಪತ್ರಿಕೆಯಲ್ಲಿ ಕ್ಷಮಾಪಣೆ ಅಚ್ಚಾಯಿತು. ಅಲ್ಲಿ ಪ್ರಯೋಗದ ಫಲಿತಾಂಶ ಅವರದೇ, ವಾಕ್ಯಗಳು ಮಾತ್ರ ಎರವಲು ಎಂಬ ವಾದಕ್ಕೆ ಜಾಗ ಇತ್ತು. ನಮ್ಮಲ್ಲಿ ಆಗುತ್ತಿರುವುದು ತಿರುಗುಮುರುಗು: ವಾಕ್ಯ ತಮ್ಮದು, ಫಲಿತಾಂಶ ಎರವಲು. ಯಾವುದು ದೊಡ್ಡ ಕಳವು?

ಕಲ್ಲು, ಓದು, ಊಹೆ

ಶಾಸನದ ಬರಹದಲ್ಲಿ ಮೂರು ಪದರ ಇದೆ. ಇದನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲನೆಯದು ಕಲ್ಲು. ಅದು ಯಾರ ಸ್ವತ್ತೂ ಅಲ್ಲ. ರಾಜೇಂದ್ರ ಕೊಂಗಾಳ್ವ 1058ರಲ್ಲಿ ಮುಳ್ಳೂರಿನ ಬಸದಿಗೆ ದಾನ ಕೊಟ್ಟ ಅನ್ನುವ ಸಂಗತಿಯನ್ನು ಹೇಳಲು ಯಾರ ಅಪ್ಪಣೆಯೂ ಬೇಡ.

ಎರಡನೆಯದು ಓದು. ಸವೆದ ಅಕ್ಷರದ ಮುಂದೆ ಗಂಟೆಗಟ್ಟಲೆ ಕೂತು, ಬೆಳಕನ್ನು ಓರೆಯಾಗಿ ಬೀಳಿಸಿ, ಪಡಿಯಚ್ಚು ತೆಗೆದು, ಇದು "ನ"ಕಾರವೋ "ಸ"ಕಾರವೋ ಎಂದು ತೀರ್ಮಾನ ಮಾಡಿದವರ ದುಡಿಮೆ ಅದು. ಆವರಣ ಚಿಹ್ನೆಯೊಳಗೆ ಒಂದು ಅಕ್ಷರ ಇಟ್ಟಿದ್ದಾರೆ ಎಂದರೆ ಅದು ಓದಿದವರ ಜವಾಬ್ದಾರಿಯ ಸಹಿ.

ಮೂರನೆಯದು ಊಹೆ, ಅಥವಾ ನಿರ್ಣಯ. ಕೊಂಗಾಳ್ವರ ಮೂಲವನ್ನೇ ತಗೊಳ್ಳಿ. ಪನಸೋಗೆಯ ಕಾಳಗದಲ್ಲಿ ಮನಿಜ ಎಂಬುವನು ತೋರಿದ ಶೌರ್ಯಕ್ಕೆ ಚೋಳರಿಂದ ಕ್ಷತ್ರಿಯಶಿಖಾಮಣಿ ಕೊಂಗಾಳ್ವ ಎಂಬ ಬಿರುದೂ ಮಾಲವ್ವಿ ಎಂಬ ಊರೂ ಸಿಕ್ಕಿತು. ಶಾಸನದ ಸಂಗತಿ ಇಷ್ಟು. ಈ ಮಾಲವ್ವಿಯೇ ಇಂದಿನ ಕೊಡಗಿನ ಮಾಲಂಬಿ ಎನ್ನುವುದು ರೈಸ್ ಅವರ ಗುರುತಿಸುವಿಕೆ. ಒಪ್ಪುವಂಥದ್ದೇ. ನಾನೂ ಒಪ್ಪುತ್ತೇನೆ. ಆದರೆ ಈಗಿನ ಬರಹಗಳಲ್ಲಿ "ಶಾಸನವು ಹೇಳುವಂತೆ ಮಾಲಂಬಿಯನ್ನು ಕೊಡಲಾಯಿತು" ಎಂದು ಬರುತ್ತದೆ. ಶಾಸನ ಹಾಗೆ ಹೇಳುವುದಿಲ್ಲ. ರೈಸ್ ಅವರ ಹೆಸರು ಬಿಟ್ಟುಹೋದ ಕೂಡಲೇ ಅವರ ಊಹೆ ಶಾಸನದ ಬಾಯಿಗೆ ಹೋಯಿತು. ನಾಳೆ ಯಾರಾದರೂ ಮಾಲವ್ವಿ ಬೇರೆ ಕಡೆ ಇದೆ ಎಂದು ತೋರಿಸಿದರೆ ರೈಸ್ ಜೊತೆ ವಾದ ಮಾಡಬೇಕಾದವರು ಕಲ್ಲಿನ ಜೊತೆ ವಾದ ಮಾಡಬೇಕಾಗುತ್ತದೆ.

ನಮ್ಮ ಕ್ಷೇತ್ರದಲ್ಲಿ ಹೆಸರು ಹೇಳುವುದು ಬರೀ ಮರ್ಯಾದೆಯ ವಿಷಯ ಅಲ್ಲ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಹೆಸರು ಹೋದರೆ ಅನುಮಾನವೂ ಹೋಗುತ್ತದೆ.

ನನ್ನ ಕಣ್ಣೆದುರು ನಡೆದದ್ದನ್ನು ಹೇಳುತ್ತೇನೆ. ಉತ್ತರ ಕೊಡಗಿನ ಒಂದು ಕಾಫಿ ತೋಟದ ಅಂಚಿನಲ್ಲಿ ಮೂರು ಸಾಲಿನ ವೀರಗಲ್ಲು ಇದೆ. ನಾನೂ ಒಬ್ಬ ಗೆಳೆಯರೂ ಅದನ್ನು ಓದಿ, ವೀರನ ಹೆಸರಿನ ಮೊದಲ ಅಕ್ಷರ ಸವೆದಿದ್ದರಿಂದ ಅದನ್ನು ಆವರಣದಲ್ಲಿಟ್ಟು, ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ, ಫೋಟೋ ಸಮೇತ ಹಂಚಿಕೊಂಡಿದ್ದೆವು: "[ಮಾ?]ರ". ಎರಡು ವರ್ಷದ ಮೇಲೆ ಒಂದು ವಿಚಾರ ಸಂಕಿರಣದ ಸಂಪುಟದಲ್ಲಿ ನಮ್ಮ ಪಾಠ ಬಂತು. ನಮ್ಮ ಹೆಸರು ಇರಲಿಲ್ಲ, ಬಿಡಿ. ಆವರಣವೂ ಇರಲಿಲ್ಲ, ಪ್ರಶ್ನಾರ್ಥಕವೂ ಇರಲಿಲ್ಲ. "ಮಾರ ಎಂಬ ವೀರ" ಆಗಿದ್ದ. ಇನ್ನೊಂದು ಲೇಖನದಲ್ಲಿ ಅವನು "ಮಾರ ಎಂಬ ಸಾಮಂತ" ಆದ. ಈಗ ಊರಿನವರು ಪ್ರೀತಿಯಿಂದ ಬಣ್ಣದ ಫಲಕ ಹಾಕಿದ್ದಾರೆ, ಅದರಲ್ಲೂ ಅದೇ ಹೆಸರು. ಕಲ್ಲು ಮಾತ್ರ ಪ್ರತಿ ಮಳೆಗಾಲಕ್ಕೆ ಇನ್ನಷ್ಟು ಪಾಚಿ ಹಿಡಿಯುತ್ತಿದೆ. ಇನ್ನು ಇಪ್ಪತ್ತು ವರ್ಷಕ್ಕೆ ಆ ಅಕ್ಷರ ಪೂರ್ತಿ ಹೋದರೆ, ಅಲ್ಲಿ ಒಂದು ಅನುಮಾನ ಇತ್ತು ಎನ್ನುವುದಕ್ಕೂ ಸಾಕ್ಷಿ ಇರುವುದಿಲ್ಲ. ನನಗೆ ನೋವಾದದ್ದು ಹೆಸರು ಹೋದದ್ದಕ್ಕಿಂತ ಆ ಪ್ರಶ್ನಾರ್ಥಕ ಚಿಹ್ನೆ ಹೋದದ್ದಕ್ಕೆ.

977 ಮತ್ತು 978

ನಕಲು ಹೇಗೆ ಹರಿಯುತ್ತದೆ ಎಂದು ನೋಡಲು ತಾರೀಖುಗಳು ಒಳ್ಳೆಯ ಸಾಧನ. ದಕ್ಷಿಣ ಕೊಡಗಿನ ಪೆಗ್ಗೂರು ಶಾಸನ ಶಕ 899, ಈಶ್ವರ ಸಂವತ್ಸರ, ಫಾಲ್ಗುಣ ಮಾಸದ್ದು. ರಕ್ಕಸ ಬೆದ್ದೊರೆಗೆರೆಯನ್ನು ಆಳುತ್ತಿದ್ದಾಗ ಶ್ರವಣಬೆಳಗೊಳದ ಅನಂತವೀರ್ಯನಿಗೆ ಕೊಟ್ಟ ದಾನ ಇದರ ವಿಷಯ. 899ಕ್ಕೆ 78 ಕೂಡಿಸಿದರೆ 977. ಆದರೆ ಈಶ್ವರ ಸಂವತ್ಸರ ಶುರುವಾದದ್ದು 977ರ ಯುಗಾದಿಗೆ. ಫಾಲ್ಗುಣ ಅದರ ಕೊನೆಯ ತಿಂಗಳು, ಅಷ್ಟು ಹೊತ್ತಿಗೆ ಜನವರಿ ದಾಟಿರುತ್ತದೆ. ಹಾಗಾಗಿ 978 ಎನ್ನುವುದು ಸರಿ. ಬಿಳಿಯೂರಿನ ಶಕ 809ರ ಫಾಲ್ಗುಣದ ಶಾಸನಕ್ಕೂ ಇದೇ ಲೆಕ್ಕ, 887 ಅಲ್ಲ 888.

ಕೆಲವು ಬರಹಗಳಲ್ಲಿ 977, ಕೆಲವುದರಲ್ಲಿ 978 ಇರುತ್ತದೆ. ಅದು ಸಮಸ್ಯೆ ಅಲ್ಲ. ಒಂದೇ ಬರಹದ 40ನೆಯ ಪುಟದಲ್ಲಿ 977, 112ನೆಯ ಪುಟದಲ್ಲಿ 978 ಇದ್ದರೆ? ಆಗ ಲೇಖಕರು ಲೆಕ್ಕ ಮಾಡಿಲ್ಲ, ಇಬ್ಬರಿಂದ ಎತ್ತಿದ್ದಾರೆ ಎಂದರ್ಥ. ಮಾರ್ಗದರ್ಶಕರೇ, ಪರೀಕ್ಷಕರೇ, ಸಾಫ್ಟ್‌ವೇರ್ ವರದಿ ನೋಡುವ ಮೊದಲು ತಾರೀಖುಗಳನ್ನು ಒಂದು ಪಟ್ಟಿ ಮಾಡಿ ನೋಡಿ. ಅರ್ಧ ಗಂಟೆಯ ಕೆಲಸ.

ಹಿರಿಯರ ಸಾಲ

ರೈಸ್ ಅವರ ಹೆಸರನ್ನೇ ಇಷ್ಟು ಸಲ ಹೇಳಿದೆ, ಆದರೆ ರೈಸ್ ಒಬ್ಬರೇ ಓದಿದ್ದಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳ ಸುಮಾರು 9,000 ಶಾಸನಗಳ ಹಿಂದೆ ಊರೂರು ಸುತ್ತಿ ಪ್ರತಿ ಮಾಡಿದ ಪಂಡಿತರ ದಂಡೇ ಇತ್ತು. ಅವರ ಪೈಕಿ ಆರ್. ನರಸಿಂಹಾಚಾರ್ಯರಂಥ ಕೆಲವರು ಮಾತ್ರ ನಮಗೆ ಹೆಸರಾಗಿ ಉಳಿದಿದ್ದಾರೆ. ಅವರು 1906ರಲ್ಲಿ ರೈಸ್ ಅವರ ಸ್ಥಾನಕ್ಕೇ ಬಂದರು. ಅದಕ್ಕೂ ನೂರು ವರ್ಷ ಹಿಂದೆ, ಮೆಕೆಂಜಿಯ ಮೈಸೂರು ಸರ್ವೆಯಲ್ಲಿ ಹಳಗನ್ನಡ ಶಾಸನಗಳನ್ನು ಓದುವ ದಾರಿ ಹುಡುಕಿದವರು ಕಾವಲಿ ಬೋರಯ್ಯ. ತನ್ನ ಕೆಲಸಕ್ಕೆ ಬಾಗಿಲು ತೆರೆದದ್ದು ಬೋರಯ್ಯ ಎಂದು ಮೆಕೆಂಜಿ ಒಪ್ಪಿಕೊಂಡ. 1803ರಲ್ಲಿ ತೀರಿಕೊಂಡ ಆ ಯುವಕನ ಹೆಸರು ಇಂದಿಗೂ ಉಳಿದಿರುವುದಕ್ಕೆ ಆ ಒಪ್ಪಿಗೆಯೂ ಒಂದು ಕಾರಣ.

ನಮ್ಮ ಶಾಸನಗಳಿಗೂ ಈ ಸಂಪ್ರದಾಯ ಹೊಸದಲ್ಲ. ಬರೆದವನು ಯಾರು, ಕಂಡರಿಸಿದವನು ಯಾರು, ಸಾಕ್ಷಿ ಯಾರು ಎಂದು ಕೊನೆಯಲ್ಲಿ ಹೇಳುವ ಶಾಸನಗಳು ಎಷ್ಟಿಲ್ಲ? ಗಂಗರ ಎಷ್ಟೋ ತಟ್ಟೆಗಳಲ್ಲಿ ವಿಶ್ವಕರ್ಮಾಚಾರ್ಯನ ಹೆಸರಿದೆ. ರಾಜನ ದಾನಪತ್ರದಲ್ಲಿ ಕೆತ್ತಿದವನಿಗೆ ಒಂದು ಸಾಲು ಸಿಕ್ಕಿತು. ಓದಿದವರಿಗೆ ಒಂದು ಅಡಿಟಿಪ್ಪಣಿ ಕೊಡಲು ನಮಗೆ ಜಾಗ ಸಾಲದು.

ಏನು ಮಾಡಬಹುದು

ನನ್ನ ಉದ್ಯೋಗದಲ್ಲಿ ಪ್ರತಿಯೊಂದು ನಕ್ಷೆಯ ಬಲ ಮೂಲೆಯಲ್ಲಿ ಒಂದು ಚೌಕ ಇರುತ್ತದೆ. ಬರೆದವರು, ಪರಿಶೀಲಿಸಿದವರು, ಒಪ್ಪಿದವರು, ಪರಿಷ್ಕರಣೆಯ ಸಂಖ್ಯೆ, ತಾರೀಖು. ಆ ಚೌಕ ಖಾಲಿ ಇದ್ದರೆ ಸೈಟಿನಲ್ಲಿ ಮೇಸ್ತ್ರಿಯೂ ಆ ನಕ್ಷೆ ಮುಟ್ಟುವುದಿಲ್ಲ. ಸೇತುವೆ ಬಿದ್ದರೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಿರಬೇಕಲ್ಲ. ಶಾಸನಕ್ಕೂ ಇಂಥದ್ದೇ ಚೌಕ ಬೇಕು:

ಒಂದು, ಕಲ್ಲನ್ನು ತೋರಿಸಿದವರು ಯಾರು. ತೋಟದ ಕೆಲಸದವರಾದರೂ ಸರಿ, ಅವರು ಒಪ್ಪಿದರೆ ಹೆಸರು ಬರಲಿ.

ಎರಡು, ಪಡಿಯಚ್ಚು ಅಥವಾ ಫೋಟೋ ಯಾರದು, ಯಾವ ವರ್ಷದ್ದು.

ಮೂರು, ಓದು ಯಾರದು, ತಿದ್ದಿದವರು ಯಾರು. ಪ್ರಕಟಿತ ಪಾಠವಾದರೆ 1886, 1914, 1972 ಇವುಗಳಲ್ಲಿ ಯಾವುದು, ಪುಟ ಎಷ್ಟು.

ನಾಲ್ಕು, ಮೂಲ ಸಿಗದೆ ಇನ್ನೊಬ್ಬರ ಪುಸ್ತಕದಿಂದ ತೆಗೆದುಕೊಂಡಿದ್ದರೆ "ಇಂಥವರಲ್ಲಿ ಉದ್ಧೃತ" ಎಂದು ನೇರವಾಗಿ ಬರೆಯುವುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕೂತ ವಿದ್ಯಾರ್ಥಿಗೆ ಪ್ರತಿ ಸಂಪುಟವೂ ಕೈಗೆ ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಐದು, ಆವರಣ, ಪ್ರಶ್ನಾರ್ಥಕ, ತ್ರುಟಿತ ಭಾಗದ ಚುಕ್ಕಿಗಳನ್ನು ಒಂದೂ ಬಿಡದೆ ಹಾಗೇ ಉಳಿಸುವುದು. ನಿಮಗೆ ಅಕ್ಷರ ಸ್ಪಷ್ಟ ಕಂಡಿದ್ದರೆ ಆವರಣ ತೆಗೆಯಿರಿ, ಆದರೆ ನಾನು ನೋಡಿದೆ, ಇಂಥ ದಿನ ನೋಡಿದೆ ಎಂದು ಹೇಳಿ ತೆಗೆಯಿರಿ.

ಇಷ್ಟು ಮಾಡಿದರೆ ಮೊದಲ ವಾಕ್ಯ ಹೀಗಾಗುತ್ತದೆ: "388ನೆಯ ವರ್ಷ ಎಂದು ಹೇಳುವ ಮಡಿಕೇರಿ ತಾಮ್ರಶಾಸನವನ್ನು ರೈಸ್ ಶಕವರ್ಷವೆಂದು ತಿಳಿದು 466ಕ್ಕೆ ಇಟ್ಟರು. ಫ್ಲೀಟ್ ಇದನ್ನು ಕೂಟ ಶಾಸನ ಎಂದರು." ಹದಿಮೂರು ಪದದ ಕಡೆ ಹದಿನಾರು, ಅಷ್ಟೇ ಖರ್ಚು. ಆದರೆ ಓದುವ ಹುಡುಗಿಗೆ ಈಗ ಗೊತ್ತಾಗುತ್ತದೆ, ಇಲ್ಲಿ ಇನ್ನೂ ಮುಗಿಯದ ಕೆಲಸ ಇದೆ, ತಾನೂ ತಟ್ಟೆಯ ಚಿತ್ರ ತೆರೆದು ನೋಡಬಹುದು ಅಂತ. ಹಳೆಯ ವಾಕ್ಯ ಅವಳಿಗೆ ಆ ಬಾಗಿಲನ್ನೇ ಮುಚ್ಚಿತ್ತು.

ಆ ಶಾಪಾಶಯದ ಶ್ಲೋಕ ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಳ್ಳಬಾರದು ಎನ್ನುತ್ತದೆ. ಭೂಮಿಗೆ ಹೇಳಿದ ಮಾತು ಅದು. ಓದಿಗೂ ಅನ್ವಯಿಸಿಕೊಂಡರೆ ನಷ್ಟವೇನೂ ಇಲ್ಲ.